ಕುರಿ ಹಿಂಡಿನ ಹಿಂದೆ ನಡೆದ ಪ್ರತಿ

ಅಕ್ಷರ ತಿದ್ದಿಸಿದ ಗುರುಗಳಿಗೆ, ಅನ್ನವಿಕ್ಕಿದ ತಾಯಿಗೆ, ನಮ್ಮ ಒಣ ನೆಲವನ್ನು ಹುಡುಕಿಕೊಂಡು ಕಾಲುವೆಯ ದಾರಿಯಲ್ಲಿ ನಡೆದುಬಂದ ಕೃಷ್ಣೆಗೆ, ಮನುಷ್ಯನಿಗೆ ಮರೆವನ್ನು ಕೊಟ್ಟರೂ ನೆನಪನ್ನು ಪೂರ್ತಿಯಾಗಿ ಕಿತ್ತುಕೊಳ್ಳದ ಭಗವಂತನಿಗೆ ಮೊದಲು ತಲೆಬಾಗುತ್ತೇನೆ. ಈ ವಯಸ್ಸಿನಲ್ಲಿಯೂ ಕಣ್ಣು ಕಾಣುತ್ತಿದೆ, ಕೈ ಬರೆಯುತ್ತಿದೆ, ನಗು ಬಂದಾಗ ನಗುವುದಕ್ಕೆ ಕೆಲವಾದರೂ ಹಲ್ಲುಗಳು ಉಳಿದಿವೆ. ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ದುರಾಸೆಯಾದೀತು.

ಇನ್ನು ನನ್ನ ತಮ್ಮನ ವಿಷಯ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳುವುದಕ್ಕೆ ಅಡ್ಡಿಯೇನೂ ಇಲ್ಲ. ಆದರೆ ಒಂದು ಸಲ ಹೇಳಿದರೆ ಅವನಿಗೆ ಸಮಾಧಾನವಾಗುವುದಿಲ್ಲ, ಎರಡು ಸಲ ಹೇಳಬೇಕಾಗುತ್ತದೆ. ಲೋಕದ ಯಾವ ವಸ್ತುವನ್ನೂ ಒಂಟಿಯಾಗಿ ಬಿಟ್ಟು ಮಲಗಲಾರದ ಮನುಷ್ಯ ಅವನು. ಅವನಿಗೆ ಕನ್ನಡಕ ಎರಡು, ಕೊಡೆ ಎರಡು, ಮನೆಯ ಬಾಗಿಲಿಗೆ ಬೀಗ ಎರಡು. ಸುರಪುರದ ನನ್ನ ಮನೆಯ ಪಡಸಾಲೆಯಲ್ಲಿ ಅವನದೊಂದು ಜೊತೆ ಚಪ್ಪಲಿ ವರ್ಷಗಳಿಂದ ಗೋಡೆಗೆ ಮುಖ ಮಾಡಿಕೊಂಡು ಕೂತಿದೆ. ಶಹಾಪುರದಿಂದ ಬರುವಾಗ ದಾರಿಯಲ್ಲಿ ಒಂದು ಜೊತೆ ಹರಿದುಹೋದರೆ ಏನು ಗತಿ ಎಂಬುದು ಅವನ ವಾದ. ದಾರಿಯಲ್ಲಿ ಹರಿದರೆ ಸುರಪುರದ ಚಪ್ಪಲಿಯಿಂದ ದಾರಿಗೇನು ಪ್ರಯೋಜನವೆಂದು ನಾನು ಕೇಳಿದ್ದೆ. ಅದಕ್ಕಾಗಿ ಚೀಲದಲ್ಲಿ ಮೂರನೆಯ ಜೊತೆಯಿದೆ ಎಂದು ತೋರಿಸಿದ.

ಅವನ ಲಗ್ನದ ದಿನದ ಸಂಗತಿಯನ್ನು ನಮ್ಮ ಬೀಗರು ಇಂದಿಗೂ ನೆನೆದು ಬೆವರುತ್ತಾರೆ. ಮಂತ್ರ ನಡೆದಿತ್ತು, ಮಂದಿ ಅಕ್ಷತೆ ಹಿಡಿದು ನಿಂತಿದ್ದರು. ಮದುಮಗನಾದ ನನ್ನ ತಮ್ಮ ಪುರೋಹಿತರ ಕಿವಿಯ ಬಳಿ ಬಾಗಿ, "ಅಯ್ಯನೋರ, ಇನ್ನೊಂದು ತಾಳಿ ಕಿಸೇದಾಗ ಅದ. ಅದನ್ನೂ ಪೂಜಿಗಿ ಇಡ್ರಿ" ಎಂದ. ಮೆಲ್ಲಗೇ ಹೇಳಿದ್ದ, ಆದರೆ ಇಂಥ ಮಾತು ಮೆಲ್ಲಗೆ ಹೇಳಿದರೆ ಮೆಲ್ಲಗೆ ಕೇಳುತ್ತದೆಯೇ? ಬಾಜಾದವರು ಊದುವುದನ್ನು ನಿಲ್ಲಿಸಿದರು. ಹೆಣ್ಣಿನ ತಂದೆ ಎದ್ದು ನಿಂತರು.

"ಇನ್ನೊಂದು ತಾಳಿ ಯಾರಿಗ್ರಿ?"

"ಯಾರಿಗೂ ಅಲ್ರಿ ಮಾಮಾ. ಇದಕ್ಕೇನರ ಆದ್ರ ಇರ್ಲಿ ಅಂತ."

ಉತ್ತರ ಪ್ರಶ್ನೆಗಿಂತ ಕೆಟ್ಟದಾಗಿತ್ತು. ಕೊನೆಗೆ ಮನೆಯ ಹಿರಿಯನಾದ ನಾನೇ ಎದ್ದು, ಇವನು ಬಾಲ್ಯದಿಂದಲೂ ಹೀಗೆಯೇ, ಅಂಗಿಯ ಗುಂಡಿಯನ್ನೂ ಎರಡೆರಡು ಹೊಲಿಸುವವನು, ನಿಮ್ಮ ಮಗಳ ಮೇಲೆ ಯಾವ ಅಪನಂಬಿಕೆಯೂ ಇಲ್ಲ, ನೂಲಿನ ಮೇಲೆ ಮಾತ್ರ ಎಂದು ವಿವರಿಸಬೇಕಾಯಿತು. ಆ ಎರಡನೆಯ ತಾಳಿ ಇಂದಿಗೂ ಕುಂಕುಮದ ಡಬ್ಬಿಯಲ್ಲಿದೆ. ತಮ್ಮನ ಹೆಂಡತಿ ಆಗಾಗ ಅದನ್ನು ನನಗೆ ತೋರಿಸಿ ನಿಟ್ಟುಸಿರಿಡುತ್ತಾಳೆ: "ಇಷ್ಟು ವರ್ಷ ಆತ್ರಿ ಭಾವಾರ, ಇನ್ನೂ ಒಬ್ಬಾಕೀನೂ ಬಂದಿಲ್ಲ. ಬಂದಿದ್ರ ನಾ ಜರಾ ಆರಾಮ ಮಾಡ್ತಿದ್ದೆ."

ಮನೆಯವರೆಲ್ಲ ಒಂದೇ ಬಸ್ಸಿನಲ್ಲಿ ಕುಳಿತು ಪ್ರಯಾಣ ಮಾಡಬಾರದೆಂಬುದು ಅವನ ಇನ್ನೊಂದು ನಿಯಮ. ಒಂದು ಬಸ್ಸಿಗೆ ಏನಾದರೂ ಆದರೆ ಮನೆತನದಲ್ಲಿ ಯಾರಾದರೂ ಉಳಿಯಬೇಡವೇ? ಯಾದಗಿರಿಯ ಒಂದು ಗೃಹಪ್ರವೇಶಕ್ಕೆ ಹೀಗೆಯೇ ಹೊರಟೆವು. ನಾನೂ ಅವನ ಹೆಂಡತಿಯೂ ಮೊದಲ ಬಸ್ಸಿನಲ್ಲಿ, ಅವನು ಉಡುಗೊರೆಯ ಕೊಪ್ಪರಿಗೆಯೊಂದಿಗೆ ಎರಡನೆಯದರಲ್ಲಿ. ನಾವು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗ ಅವನು ಕೊಪ್ಪರಿಗೆ ಹೊತ್ತು ಬೆವರುತ್ತ ಬಂದ. ಅವನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಆದರೆ ಅವನ ಮುಖದಲ್ಲಿ ಎಂಥ ಗೆಲುವು. "ನೋಡಿದೇನಣ್ಣಾ? ಎಲ್ಲಾರೂ ಒಂದ ಬಸ್ಸಿನಾಗ ಇದ್ದಿದ್ರ ಊಟ ಯಾರು ಮಾಡ್ತಿದ್ರು?"

ಇಂಥವನಿಗೆ ದೇವರು ಎಂಥ ಉದ್ಯೋಗವನ್ನು ಕೊಟ್ಟ ನೋಡಿ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಂಪ್ಯೂಟರಿನ ಮುಂದೆ ಕೂಡುವ ಕೆಲಸ. ಕಾಲುವೆಯಲ್ಲಿ ನೀರು ಎಷ್ಟೆತ್ತರ ಹರಿಯಿತು ಎಂಬುದನ್ನು ಅದರೊಳಗೆ ತುಂಬುವುದು, ತುಂಬಿದ್ದು ಅಳಿಯದಂತೆ ಅದರ ಪ್ರತಿಯನ್ನು ಬೇರೆಡೆ ಕಾಯ್ದಿಡುವುದು. ಹುಟ್ಟುಗುಣಕ್ಕೆ ಸಂಬಳವೂ ಸಿಕ್ಕಿತು. ನಿವೃತ್ತನಾಗಿ ಶಹಾಪುರದ ಮನೆ ಸೇರಿದ ಮೇಲೆ ಕಾಯ್ದಿಡುವುದಕ್ಕೆ ಏನೂ ಉಳಿಯಲಿಲ್ಲವಲ್ಲ ಎಂದು ಕೆಲಕಾಲ ಮಂಕಾಗಿದ್ದ. ಆಮೇಲೆ ಅವನಿಗೆ ಹಂತಿಯ ಹಾಡುಗಳು ಸಿಕ್ಕವು.

ಕಾಲುವೆ ಬರುವುದಕ್ಕೆ ಮುಂಚೆ ನಮ್ಮ ಸೀಮೆಯಲ್ಲಿ ಬಿಳಿಜೋಳವೇ ಬೆಳೆ. ಕಣದಲ್ಲಿ ತೆನೆ ಹರಡಿ, ಸಾಲಾಗಿ ಕಟ್ಟಿದ ಎತ್ತುಗಳನ್ನು ಅದರ ಮೇಲೆ ಸುತ್ತಿಸುತ್ತ, ಹಿಂದೆ ನಡೆಯುವವರು ಹಾಡುತ್ತಿದ್ದರು. ಆ ಎತ್ತಿನ ಸಾಲೇ ಹಂತಿ. ನೀರು ಬಂತು, ಜೋಳ ಹೋಗಿ ಭತ್ತ ಬಂತು, ಭತ್ತದ ಹಿಂದೆ ಕೊಯ್ಯುವ ಯಂತ್ರ ಬಂತು. ನಾನು ನೀರನ್ನು ದೂರುತ್ತಿಲ್ಲ; ಆ ನೀರಿನ ಅನ್ನವನ್ನೇ ಉಂಡಿದ್ದೇನೆ. ಆದರೆ ಯಂತ್ರದ ಹಿಂದೆ ನಡೆಯುತ್ತ ಯಾರು ಹಾಡುತ್ತಾರೆ? ಕಣ ಹೋಯಿತು, ಹಂತಿ ಹೋಯಿತು, ಹಾಡುಗಳು ಕೆಲವೇ ಮುದುಕರ ಗಂಟಲಿನಲ್ಲಿ ಉಳಿದವು. ಒಂದೇ ಗಂಟಲಿನಲ್ಲಿ ಒಂದೇ ಹಾಡು ಎಂದು ಕೇಳಿದೊಡನೆ ನನ್ನ ತಮ್ಮನಿಗೆ ನಿದ್ದೆ ಹೋಯಿತು. ಅಂಗೈಯಷ್ಟು ಅಗಲದ ಧ್ವನಿಮುದ್ರಣ ಯಂತ್ರವೊಂದನ್ನು ತಂದ. ಒಂದಲ್ಲ, ಎರಡು.

ಶಹಾಪುರದ ಸಮೀಪದ ಹಳ್ಳಿಯೊಂದರಲ್ಲಿ ಸಾಬಣ್ಣ ಎಂಬ ವೃದ್ಧನಿದ್ದ. ಬೇರೆಯವರ ಹೊಲದಲ್ಲಿ ದುಡಿದೇ ಬಾಳಿದವನು. ಹಂತಿಯ ಹಾಡಿಗೆ ಸುತ್ತಲಿನ ಊರುಗಳಿಗೆಲ್ಲ ಮುಂದಾಳು. ಅವನ ತಂದೆ ಹಾಡುತ್ತಿದ್ದ ಒಂದು ದೀರ್ಘವಾದ ಹಾಡು ಅವನೊಬ್ಬನಿಗೇ ಬರುತ್ತಿತ್ತು. ಒಂದು ಎತ್ತು ತನ್ನ ಜೋಡಿ ಎತ್ತನ್ನು ಹುಡುಕುತ್ತ ಊರೂರು ಅಲೆದು ಹೊಳೆಗೆ ಇಳಿಯುವ ಕಥೆ ಅದು. ಒಂದು ವರ್ಷ ವೈಶಾಖದಲ್ಲಿ ಸಾಬಣ್ಣ ಅದನ್ನು ಆದಿಯಿಂದ ಅಂತ್ಯದವರೆಗೆ ನನ್ನ ತಮ್ಮನಿಗೆ ಹಾಡಿಕೊಟ್ಟ. ನಾನೂ ಕೇಳಿದ್ದೇನೆ. ಗಟ್ಟಿಯಾದ, ನಿರ್ಮಲವಾದ ಕಂಠ, ಎಲ್ಲಿಯೂ ತಡವರಿಕೆಯಿಲ್ಲ.

ಶ್ರಾವಣದಲ್ಲಿ ಸಾಬಣ್ಣನ ಗಂಟಲಿಗೆ ವ್ಯಾಧಿ ಬಂತು. ಕಲಬುರಗಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಪ್ರಾಣ ಉಳಿಯಿತು, ದನಿ ಹೋಯಿತು. ಹಾಡು ಮಾತ್ರವಲ್ಲ, ಮಾತೂ ಹೋಯಿತು. ಆಮೇಲೆ ಪ್ರತಿ ಸಂತೆಯ ದಿನ ಅವನೂ ಅವನ ಹೆಂಡತಿ ದೇವಮ್ಮನೂ ಶಹಾಪುರಕ್ಕೆ ಬರುತ್ತಿದ್ದರು. ಅವಳು ಸಂತೆಗೆ ಹೋಗುತ್ತಿದ್ದಳು, ಅವನು ನನ್ನ ತಮ್ಮನ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ತನ್ನ ಹಾಡನ್ನು ತಾನು ಕೇಳುತ್ತಿದ್ದ. ಕೇಳುವಾಗ ಅವನ ಕೈ, ಎತ್ತಿನ ಹಗ್ಗ ಹಿಡಿದಂತೆ, ಮೆಲ್ಲಗೆ ಬಿಗಿಯುತ್ತ ಸಡಿಲವಾಗುತ್ತಿತ್ತು.

ಒಬ್ಬ ಮನುಷ್ಯನ ದನಿಯೆಲ್ಲ ಈಗ ತನ್ನ ಮನೆಯ ಕಪಾಟಿನಲ್ಲಿದೆ ಎಂಬ ಭಾರ ನನ್ನ ತಮ್ಮನ ಮೇಲೆ ಬಿತ್ತು. ಅಲ್ಲಿಯವರೆಗೆ ಅವನ ಜೋಡಿ ಹುಚ್ಚು ನಮಗೆ ನಗೆಯ ವಸ್ತುವಾಗಿತ್ತು. ಈಗ ನಗುವುದಕ್ಕೂ ಸ್ವಲ್ಪ ಹಿಂಜರಿಕೆಯಾಗುತ್ತಿತ್ತು. ಸ್ವಲ್ಪ ಮಾತ್ರ.

ಮನೆಯ ಕಂಪ್ಯೂಟರಿನ ಹೊಟ್ಟೆ ಚಿಕ್ಕದು, ಧ್ವನಿಮುದ್ರಣ ಯಂತ್ರಗಳದು ಇನ್ನೂ ಚಿಕ್ಕದು; ಹೊಸದನ್ನು ತುಂಬಲು ಹಳೆಯದನ್ನು ಅಳಿಸಬೇಕು. ಆದ್ದರಿಂದ ಹಾಡುಗಳೆಲ್ಲ ಹೊರಗಿನಿಂದ ಜೋಡಿಸುವ, ಚಿಕ್ಕ ಪುಸ್ತಕದಷ್ಟಿರುವ ಡಿಸ್ಕಿನಲ್ಲಿದ್ದವು. ಅದರ ಪ್ರತಿಗಳನ್ನು ಹೇಗೆ ಮಾಡಬೇಕು, ಎಲ್ಲಿಡಬೇಕು ಎಂಬ ಪ್ರಶ್ನೆಗೆ ಅವನು ಪಂಡಿತರ ಸಭೆಯನ್ನೇ ನಡೆಸುತ್ತ ಬಂದಿದ್ದ. ಸಭೆಯೆಂದರೆ ನಾನು, ಅವನ ಹೆಂಡತಿ, ಮತ್ತು ಚಹಾ.

ಮೊದಲನೆಯ ಪದ್ಧತಿ ಅವಳಿಯದು. ಎರಡು ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ, ಒಂದರಲ್ಲಿ ಬರೆದದ್ದು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯಲ್ಪಡುವಂತೆ ಮಾಡುವುದು. ಒಂದು ಕೆಟ್ಟರೆ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ; ಒಂದು ಸಾಲೂ ನಷ್ಟವಾಗುವುದಿಲ್ಲ. ಇದನ್ನು ಸ್ಥಾಪಿಸಿದ ವಾರದಲ್ಲಿ ಅವನು ಲೋಕವನ್ನೇ ಗೆದ್ದವನಂತಿದ್ದ. ಒಂದು ದಿನ ಅವನ ಹೆಂಡತಿ ಮೇಜು ಒರೆಸುತ್ತ, ಕೀಲಿಗಳ ಹಲಗೆಯ ಮೇಲೂ ಬಟ್ಟೆಯನ್ನು ಒಳ್ಳೆಯ ಮನಸ್ಸಿನಿಂದ ಒತ್ತಿ ಎಳೆದಳು. ಒಂದು ಸೋಬಾನೆ ಪದ ಮಾಯವಾಯಿತು. ಅವಳಿಯಲ್ಲಿಯೂ ಅದೇ ಕ್ಷಣದಲ್ಲಿ, ಅಷ್ಟೇ ನಿಷ್ಠೆಯಿಂದ, ಮಾಯವಾಯಿತು.

"ಏನ್ ಮಾಡಿದಿ?" ಎಂದ ಇವನು.

"ಧೂಳ ಒರಸೀನಿ."

"ಎರಡೂ ಕಡೀ ಹೋತಲ್ಲ!"

"ನಾ ಒಂದ ಕಡೀ ಒರಸೀನ್ರೀ. ಎರಡನೇದು ನಿಮ್ಮ ವಿದ್ಯಾದಿಂದ ಹೋಗ್ಯಾದ."

ಅವಳಿ ಎಂಬುದು ಪುಣ್ಯವನ್ನು ಹಂಚಿಕೊಂಡಂತೆ ಪಾಪವನ್ನೂ ಹಂಚಿಕೊಳ್ಳುತ್ತದೆ ಎಂದು ಅಂದು ತಿಳಿಯಿತು. ಪುಣ್ಯವಶಾತ್ ಆ ಸೋಬಾನೆಯ ಮುದುಕಿ ಗಟ್ಟಿಯಾಗಿದ್ದಳು. ಮತ್ತೊಮ್ಮೆ ಹಾಡಿದಳು, ಮೊದಲಿಗಿಂತ ಎರಡು ನುಡಿ ಹೆಚ್ಚಾಗಿಯೇ.

ಎರಡನೆಯ ಪದ್ಧತಿಯಲ್ಲಿ ನನಗೆ ಪಾತ್ರ ಬಂತು. ಒಂದೇ ಮನೆಯಲ್ಲಿ ಎರಡೂ ಇದ್ದರೆ ಬೆಂಕಿಗೋ ಕಳ್ಳನಿಗೋ ಒಂದೇ ಸಲ ಸಿಗುತ್ತವೆ. ಆದ್ದರಿಂದ ದೂರದಲ್ಲೊಂದು ಪ್ರತಿ ಬೇಕು ಎಂದು ಮೂರನೆಯ ಡಿಸ್ಕನ್ನು ಸುರಪುರಕ್ಕೆ ತಂದ. ನಾನು ದೇವರ ಮನೆಯಲ್ಲಿ ಇಡಹೋದೆ. "ಬ್ಯಾಡಣ್ಣಾ, ಅಲ್ಲಿ ಎಣ್ಣಿ ದೀಪ ಅದ" ಎಂದು ತಡೆದು ನನ್ನ ಧೋತರಗಳ ಪೆಟ್ಟಿಗೆಯಲ್ಲಿ ಇಡಿಸಿದ. ಅಮಾವಾಸ್ಯೆಗೊಮ್ಮೆ ಬಂದು ಹೊಸ ಹಾಡುಗಳನ್ನು ಅದಕ್ಕೆ ತುಂಬಿ, ಶಹಾಪುರದ್ದಕ್ಕೆ ಸರಿಯಾಗಿ ಸಮಮಾಡಿ ಹೋಗುತ್ತಿದ್ದ. ಹಾಗಾದರೆ ಅಮಾವಾಸ್ಯೆಯ ಮರುದಿನ ಹಾಡಿಸಿಕೊಂಡದ್ದು ಮುಂದಿನ ಅಮಾವಾಸ್ಯೆಯವರೆಗೆ ಇಲ್ಲಿಗೆ ಬರುವುದೇ ಇಲ್ಲವಲ್ಲ ಎಂದೆ. ಅವನು ನನ್ನನ್ನೇ ತಿರುಗಿ ಕೇಳಿದ: "ಅಣ್ಣಾ, ಖರೇ ಹೇಳು. ಎಷ್ಟು ದಿನದ ಹಾಡು ಹೋದ್ರ ನಿನ್ನ ಜೀವ ತಡೀತದ?"

"ಒಂದು ದಿನದ್ದೂ ಹೋಗಬಾರ್ದು."

"ಹಂಗಾದ್ರ ನೀ ಸುರಪುರ ಬಿಟ್ಟು ಶಹಾಪುರಕ್ಕ ಬಂದು ನನ್ನ ಬಾಜೂಕ ಇರಬೇಕಾಗ್ತದ. ಅಷ್ಟು ಲಗೂನ ಬರೀಬೇಕಂದ್ರ ಹತ್ರ ಇರಬೇಕು. ಹತ್ರ ಇದ್ರ ಇಬ್ರೂ ಕೂಡೇ ಮುಳುಗ್ತೀವಿ. ದೂರ ಇದ್ರ ನೀ ಉಳೀತಿ, ಆದ್ರ ಜರಾ ಹಿಂದ ಉಳೀತಿ."

ವ್ಯಾಕರಣ, ಅಲಂಕಾರ, ಛಂದಸ್ಸುಗಳನ್ನು ಓದಿ ಶಾಲೆಯಲ್ಲಿ ಕಲಿಸಿದ ನಾನು ಖಾಲಿ ಕಪ್ಪನ್ನು ಮುಂದಕ್ಕೆ ಸರಿಸಿದೆ. ಇನ್ನೊಂದು ಚಹಾ ಬಂತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವನನ್ನು ಜಾಣನೆಂದು ಕರೆದು ಈ ಪ್ರಬಂಧವನ್ನು ಬರೆಯದೆಯೇ ಇರುತ್ತಿದ್ದೆ. ನಾಲ್ಕನೆಯ ಪ್ರತಿಯನ್ನು ಅವನು ಒಬ್ಬ ಕುರಿಗಾಹಿಯ ಕೈಗೆ ಕೊಟ್ಟ. ಬೀರಪ್ಪ ಎಂಬ ಆ ಕುರಿಗಾಹಿ ಹಿಂಡು ಹೊಡೆದುಕೊಂಡು ಊರೂರು ತಿರುಗುವವನು. ಯುಗಾದಿಗೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಶಹಾಪುರದ ಮೇಲೆ ಹಾಯ್ದುಹೋಗುತ್ತಿದ್ದ. ಆಗಷ್ಟೇ ಅವನ ಡಿಸ್ಕಿಗೆ ಹೊಸದನ್ನು ತುಂಬುವುದು. ಬೀರಪ್ಪ ಅದನ್ನು ತನ್ನ ದೇವರ ಭಂಡಾರದ ಚೀಲದಲ್ಲಿ, ಅರಿಶಿನದ ಪುಡಿಯ ನಡುವೆ, ಬಟ್ಟೆ ಸುತ್ತಿ ಇಟ್ಟುಕೊಂಡ. ಒಳಗೇನಿದೆ ಎಂದು ಅವನು ಕೇಳಲಿಲ್ಲ. "ಸಾಹೇಬ್ರು ಕೊಟ್ಟಾರ, ಕಾಯಬೇಕು. ಕಾಯೂದು ನಮ್ಮ ಕೆಲಸ ಅದ" ಎಂದನಂತೆ.

"ಕುರಿ ತಿಂದ್ರ?" ಎಂದಳು ತಮ್ಮನ ಹೆಂಡತಿ.

"ಕುರಿ ಕಬ್ಬಿಣ ತಿನ್ನಂಗಿಲ್ಲ."

"ಅದರ ಮ್ಯಾಲಿನ ಚೀಲ ರೆಗ್ಜಿನ್‌ದು. ಅದನ್ನ ತಿಂತಾವ. ಚೀಲ ತಿಂದ ಮ್ಯಾಲ ಹಾಡು ತಂಡಿಗಿ ಕುಂದರ್ತಾವ."

ನಾನೂ ಕೇಳಿದೆ: ಆರು ತಿಂಗಳು ಹಿಂದೆ ಬಿದ್ದಿರುವ ಪ್ರತಿಯಿಂದ ಏನು ಪ್ರಯೋಜನ? ಅವನು ಮೇಜಿನ ಮೇಲೆ ಬಟ್ಟೆ ಒರೆಸಿದಂತೆ ಕೈಯಾಡಿಸಿ ತೋರಿಸಿದ. "ತಪ್ಪು ಬಾಳ ಲಗೂನ ಓಡ್ತದ ಅಣ್ಣಾ. ಅದು ಓಡಿ ಬಂದು ಮುಟ್ಟಲಾರದಷ್ಟು ಹಿಂದ ಒಂದು ಕಾಪಿ ಸಾವಕಾಶ ನಡೀಬೇಕು."

ಈ ಮಾತಿಗೆ ನಾನೂ ಅವನ ಹೆಂಡತಿಯೂ ಬಹಳ ದಿನ ನಕ್ಕೆವು.

ಸಾಬಣ್ಣನ ದನಿ ಹೋದ ವರ್ಷದ ಮಹಾನವಮಿ ಬಂತು. ಖಂಡೆಪೂಜೆಯೆಂದರೆ ನಮ್ಮ ಮನೆತನದಲ್ಲಿ ಸಾಮಾನ್ಯವಲ್ಲ. ಕುಡುಗೋಲು, ಈಳಿಗೆ, ಕತ್ತರಿ, ಬೀಸುವ ಕಲ್ಲು, ನನ್ನ ಮಸಿಯ ಪೆನ್ನು, ಹೀಗೆ ಅನ್ನ ಕೊಟ್ಟ ಯಾವ ಉಪಕರಣವೂ ಅಂದು ಪೂಜೆಯಿಲ್ಲದೆ ಇರಬಾರದು. ಪೂಜೆಯಾದ ಮೇಲೆ ಮರುದಿನ ವಿಜಯದಶಮಿಯವರೆಗೆ ಯಾವುದನ್ನೂ ಮುಟ್ಟಬಾರದು, ಅಲುಗಿಸಬಾರದು. ಅವಕ್ಕೂ ಒಂದು ದಿನದ ವಿಶ್ರಾಂತಿ. ನನ್ನ ತಮ್ಮ ಹಿಂದಿನ ದಿನವೇ ಹೇಳಿ ಕಳುಹಿಸಿದ್ದ: "ಅಣ್ಣಾ, ಬರೂ ಮುಂದ ಪೆಟಿಗ್ಯಾಗಿಂದು ತಗೊಂಡ ಬಾ. ಪೂಜಿಗಿ ಎಲ್ಲಾ ಬರಬೇಕು."

ಒಂದು ಬಸ್ಸಿನಲ್ಲಿ ತನ್ನ ಹೆಂಡತಿಯೊಂದಿಗೆ ಕೂಡದ ಮನುಷ್ಯ ಅವನು. ಬೆಂಕಿಗೆ, ಕಳ್ಳನಿಗೆ, ಸಿಡಿಲಿಗೆ, ಧೂಳೊರೆಸುವ ಬಟ್ಟೆಗೆ ಹೆದರಿ ಡಿಸ್ಕುಗಳನ್ನು ಊರೂರಿಗೆ ಹಂಚಿದವನು. ಅವನ ತಲೆಯಲ್ಲಿ ಎಚ್ಚರಿಕೆಗೆ ಒಂದು ಕೋಣೆ, ಭಕ್ತಿಗೆ ಇನ್ನೊಂದು ಕೋಣೆ. ನಡುವೆ ಬಾಗಿಲನ್ನು ಇಡಿಸುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ದೇವರ ಮುಂದೆ ಅಪಾಯವೆಂಬುದು ಇರುತ್ತದೆಯೇ? ನಾನಾದರೂ ಹಾಗೆಯೇ ನಂಬಿದವನು. ಅವಳಿ ಡಿಸ್ಕುಗಳನ್ನೂ ಸುರಪುರದ್ದನ್ನೂ ಹಿತ್ತಾಳೆಯ ತಾಟಿನಲ್ಲಿ ಸಾಲಾಗಿ ಇಟ್ಟ. ವಿಭೂತಿ, ಕುಂಕುಮ, ಮೇಲೆ ಚೆಂಡು ಹೂವಿನ ರಾಶಿ. ಬೀರಪ್ಪನಿಗೂ ಮೊಬೈಲಿನಲ್ಲಿ ಹೇಳಿದ್ದ. ಹಿಂಡು ಕಡೇಚೂರಿನ ಕಡೆಗಿದೆ, ಬರಲಾಗದು ಎಂದು ಅವನು ತಿಳಿಸಿದ. "ಬೀರಪ್ಪಗ ದೇವರ ಮ್ಯಾಲ ಭಕ್ತಿನ ಕಮ್ಮಿ" ಎಂದು ತಮ್ಮ ಬೇಸರಪಟ್ಟುಕೊಂಡ.

ನಾನು ಮಂತ್ರ ಹೇಳಿದೆ. ಅವನು ತಾಟಿನ ಪಕ್ಕದಲ್ಲಿಯೇ ಕಲ್ಲಿಟ್ಟು ಕಾಯಿ ಒಡೆದ. ಸಾಮಾನ್ಯವಾಗಿ ನಮ್ಮ ಕಡೆಗೆ ಬರುವ ಕಾಯಿಗಳಲ್ಲಿ ನೀರು ತೀರ್ಥಕ್ಕೂ ಸಾಲುವುದಿಲ್ಲ. ಆ ವರ್ಷದ ಕಾಯಿ ಮಾತ್ರ ತುಂಬಿದ ಕೊಡದ ಹಾಗಿತ್ತು. "ಏನ್ ಚಲೋ ಕಾಯಿರೀ, ಶುಭ ಆಗ್ತದ" ಎಂದು ಅವನ ಹೆಂಡತಿ ಕೈಮುಗಿದಳು. ನೀರು ಹೂವಿನ ರಾಶಿಯ ಕೆಳಗೆ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾವು ಹೋಳಿಗೆ ಉಂಡೆವು. ಡಿಸ್ಕುಗಳು ತಾಟಿನಲ್ಲಿ, ಕಾಯಿಯ ನೀರಿನಲ್ಲಿ, ಯಾರೂ ಮುಟ್ಟದಂತೆ, ಶಾಸ್ತ್ರೋಕ್ತವಾಗಿ ಒಂದು ಹಗಲು ಒಂದು ಇರುಳು ವಿಶ್ರಾಂತಿ ಪಡೆದವು.

ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡು ಬಂದ ಮೇಲೆ ಹೂ ಸರಿಸಿದೆವು. ಇರುವೆಗಳು ನಮಗಿಂತ ಮೊದಲೇ ಬಂದಿದ್ದವು. ಡಿಸ್ಕಿನ ಒಂದು ಸಂದಿಯಿಂದ ಒಳಹೋಗಿ ಇನ್ನೊಂದು ಸಂದಿಯಿಂದ ಶಿಸ್ತಾಗಿ ಹೊರಬರುತ್ತಿದ್ದವು. ಕಲಬುರಗಿಯ ಅಂಗಡಿಗೆ ಒಯ್ದೆವು. ಅಂಗಡಿಯವನು ಮುಚ್ಚಳ ಬಿಚ್ಚಿ, ಮೂಸಿ ನೋಡಿ, ನನ್ನ ತಮ್ಮನ ಮುಖ ನೋಡಿದ. "ಕಾಕಾ, ಇದರಾಗ ಹಾಡು ಉಳದಿಲ್ಲ. ಕೊಬ್ರಿ ಮಿಠಾಯಿ ಆಗ್ಯಾದ."

ಆ ಯುವಕನನ್ನು ನಾನು ದೂರಲಾರೆ. ಅವನಿಗೆ ಸಾಬಣ್ಣ ಯಾರೆಂದು ಗೊತ್ತಿರಲಿಲ್ಲ. ನನ್ನ ತಮ್ಮ ಆ ಮೂರನ್ನೂ ಮಡಿಲಲ್ಲಿಟ್ಟುಕೊಂಡು, ತನ್ನ ನಿಯಮದಂತೆ ನನ್ನದಲ್ಲದ ಬಸ್ಸಿನಲ್ಲಿ ಕೂತ.

ಸಂತೆಯ ದಿನ ಬಂತು. ಹಬ್ಬಕ್ಕೆಂದು ಬಂದ ನಾನು ಇನ್ನೂ ಅಲ್ಲಿಯೇ ಇದ್ದೆ. ಸಾಬಣ್ಣ ಬರುವ ಹೊತ್ತಿಗೆ ತಮ್ಮ ಒಳಗಿನ ಕೋಣೆ ಸೇರಿಕೊಂಡು, ತಾನಿಲ್ಲವೆಂದು ಹೇಳುವಂತೆ ಹೆಂಡತಿಗೆ ಕೈಸನ್ನೆ ಮಾಡಿದ. ಅವಳು ಹೇಳಿದಳು. ಸಾಬಣ್ಣ ತಲೆಯಾಡಿಸಿ ಕಂಬಕ್ಕೆ ಒರಗಿ ಕೂತ. ಬಾಗಿಲಲ್ಲಿ ತಮ್ಮನ ಎರಡೂ ಜೊತೆ ಚಪ್ಪಲಿಗಳಿದ್ದವು. ಸಾಬಣ್ಣ ಅವುಗಳನ್ನು ನೋಡಿದ, ಆದರೆ ಏನೂ ತೋರಿಸಿಕೊಳ್ಳಲಿಲ್ಲ. ಮಧ್ಯಾಹ್ನವಾಯಿತು. ಮಾತು ಬರುವವನಾಗಿದ್ದರೆ ಕೇಳಿ, ಬೈದು, ಎದ್ದು ಹೋಗುತ್ತಿದ್ದ. ಮಾತಿಲ್ಲದವನು ಕಾಯುವುದನ್ನು ಬಿಟ್ಟು ಇನ್ನೇನು ಮಾಡಿಯಾನು?

ಕೊನೆಗೆ ತಮ್ಮನೇ ಹೊರಬಂದ. ಸಾಬಣ್ಣನ ಎದುರಿಗೆ ನೆಲದ ಮೇಲೆ ಕೂತು, "ಸಾಬಣ್ಣ, ನಿನ್ನ ಹಾಡು ನಾನ ಕಳದೀನಿ" ಎಂದ. ಏನಾಯಿತೆಂದು ಒಂದೊಂದಾಗಿ ಹೇಳಿದ. ಸಾಬಣ್ಣ ಕೇಳಿಸಿಕೊಂಡು, ತನ್ನ ಗಂಟಲಿನ ಮೇಲೆ ಒಮ್ಮೆ ಅಂಗೈಯಿಟ್ಟುಕೊಂಡ. ಆಮೇಲೆ ಅದೇ ಕೈಯನ್ನು ನನ್ನ ತಮ್ಮನ ತಲೆಯ ಮೇಲಿಟ್ಟ. ಸಂತೆಯಿಂದ ದೇವಮ್ಮ ಬಂದಳು. ಗಂಡನ ಮುಖವನ್ನೂ ನಮ್ಮ ಮುಖಗಳನ್ನೂ ನೋಡಿ, "ಏನಾತು, ಹೇಳಬಾರ್ದೇನ ಬಾಯಿ ಬಿಟ್ಟು" ಎಂದು ಅಭ್ಯಾಸಬಲದಿಂದ ಗಂಡನನ್ನೇ ಗದರಿಸಿ, ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಮರುದಿನ ನಾನೂ ತಮ್ಮನೂ ಕಡೇಚೂರಿಗೆ ಹೊರಟೆವು. ಅವನು ನನ್ನದೇ ಬಸ್ಸನ್ನು ಹತ್ತಿ ನನ್ನ ಪಕ್ಕದಲ್ಲಿಯೇ ಕೂತ. ಅವನ ದುಃಖದ ಆಳ ನನಗೆ ತಿಳಿದದ್ದು ಆಗ. ಯಾದಗಿರಿ ದಾಟಿದ ಮೇಲೆ ಮೆಲ್ಲಗೆ ಹೇಳಿದ: "ಬೀರಪ್ಪಂದು ಯುಗಾದಿಗಿ ತುಂಬಿದ್ದು. ಸಾಬಣ್ಣ ಪೂರಾ ಹಾಡಿದ್ದು ವೈಶಾಖದಾಗ. ಅದರಾಗ ಇರಂಗಿಲ್ಲ ಅಣ್ಣಾ, ನನಗ ಗೊತ್ತದ. ಆದ್ರೂ ಹೊಂಟೀವಿ."

ಅವನ ಮನಸ್ಸನ್ನು ಬೇರೆಡೆಗೆ ತಿರುಗಿಸಲೆಂದು ನಾನು ಮುಂದಿನ ವರ್ಷದ ಪೂಜೆಯ ಮಾತೆತ್ತಿದೆ. ಒಂದು ಡಿಸ್ಕಾದರೂ ಬರಬಾರದು ಎಂದ. ಬಾರದಿದ್ದರೆ ಪೂಜೆ ತಪ್ಪುತ್ತದಲ್ಲ ಎಂದು ಅವನಿಗೇ ಸಂಕಟ. ಸಮಾರಂಭಕ್ಕೆ ಬರಲಾಗದವರ ಹೆಸರಿನಲ್ಲಿ ಒಂದು ಬೆಟ್ಟಡಿಕೆಯನ್ನಿಟ್ಟು ಪೂಜಿಸುವುದು ನಮ್ಮಲ್ಲಿ ರೂಢಿಯಲ್ಲಿದೆ, ಡಿಸ್ಕಿಗೂ ಅದು ಸಲ್ಲುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಎರಡು ಅಡಿಕಿ ಇಡೂಣು" ಎಂದ. ಜೀವ ಇನ್ನೂ ಇದೆ ಎಂದು ನನಗೆ ಧೈರ್ಯವಾಯಿತು.

ಕಾರ್ಖಾನೆಗಳ ಬೇಲಿಯಾಚೆಯ ಹೊಲವೊಂದರಲ್ಲಿ ಬೀರಪ್ಪ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ. ನಮ್ಮನ್ನು ಕಂಡು ಹೆದರಿದ. "ಪೂಜಿಗಿ ಬರಲಿಲ್ಲಂತ ಇಲ್ಲೀತನಾ ಬೈಯಾಕ ಬಂದೀರೇನ್ರಿ ಸಾಹೇಬ್ರ?" ತಮ್ಮ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಭಂಡಾರದ ಚೀಲದಿಂದ ಹೊರಬಂದ ಡಿಸ್ಕು ಅಡಿಯಿಂದ ಮುಡಿಯವರೆಗೆ ಹಳದಿಯಾಗಿತ್ತು. ಮೇಲಿನ ಚೀಲದ ಒಂದು ಮೂಲೆಯನ್ನು ಕುರಿ ನಿಜವಾಗಿಯೂ ತಿಂದಿತ್ತು.

ಮನೆಗೆ ಬಂದು ಒರೆಸಿ ಜೋಡಿಸಿದಾಗ ಅದು ತೆರೆಯಿತು. ಯುಗಾದಿಯವರೆಗಿನ ಹಾಡುಗಳೆಲ್ಲ ಇದ್ದವು. ಸಾಬಣ್ಣನ ಹೆಸರಿನಲ್ಲಿಯೂ ಒಂದಿತ್ತು. ಅದೇನೆಂದು ತಮ್ಮನೇ ನೆನಪಿಸಿಕೊಂಡು ಹೇಳಿದ. ವೈಶಾಖಕ್ಕೆ ಮುಂಚೆ, ಸಂಕ್ರಾಂತಿಯ ಚಳಿಯಲ್ಲಿ, ಒಮ್ಮೆ ಸಾಬಣ್ಣನ ಮನೆಯಲ್ಲಿಯೇ ಹಾಡಿಸಲು ಕೂತಿದ್ದನಂತೆ. ಅಂದು ಸಾಬಣ್ಣನಿಗೆ ಕೆಮ್ಮು. ಎತ್ತು ಹೊಳೆಯ ನಡುವಿಗೆ ಬರುವಷ್ಟರಲ್ಲಿ ನಿಲ್ಲಿಸಬೇಕಾಯಿತು. ವೈಶಾಖದ ಚೊಕ್ಕಟವಾದದ್ದು ಸಿಕ್ಕ ಮೇಲೆ ಈ ಕಚ್ಚಾ ಪ್ರತಿ ಏಕೆಂದು ತಾನೇ ಎಲ್ಲ ಕಡೆಯಿಂದಲೂ ಅಳಿಸಿಹಾಕಿದ್ದ. ಬೀರಪ್ಪ ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ.

ಸಂತೆಯ ದಿನದವರೆಗೆ ಕಾಯದೆ, ಡಿಸ್ಕನ್ನೂ ತಮ್ಮನ ಮಗಳು ಮನೆಯಲ್ಲಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪನ್ನೂ ಹೊತ್ತು ಸಾಬಣ್ಣನ ಹಳ್ಳಿಗೆ ಹೋದೆವು. ಸಾಬಣ್ಣ ಹೊರಸಿನ ಮೇಲಿದ್ದ. ದೇವಮ್ಮ ಒಲೆಯ ಮುಂದಿದ್ದಳು. "ಅರ್ಧಾನ ಅದ ಸಾಬಣ್ಣ. ಅದೂ ಚಲೋ ಇಲ್ಲ" ಎಂದು ತಮ್ಮ ಮೊದಲೇ ಕ್ಷಮೆ ಕೇಳುವ ದನಿಯಲ್ಲಿ ಹೇಳಿ ಗುಂಡಿ ಒತ್ತಿದ.

ಮೊದಲು ಕೆಮ್ಮು ಕೇಳಿತು. ಆಮೇಲೆ ಹಾಡಲ್ಲ, ಮಾತು.

"ಚಾಲೂ ಆಗ್ಯಾದೇನ್ರಿ ಸಾಹೇಬ್ರ? ಜರಾ ತಡೀರಿ."

ಹಿಂದಿನಿಂದ ದೇವಮ್ಮನ ದನಿ: "ಏ ಮುದುಕಾ, ಚಹಾ ಆರಾಕತ್ತಾದ. ಕುಡ್ದು ಹಾಡು."

"ಸುಮ್ನ ಕುಂದ್ರಲೇ. ಇಲ್ಲಿ ಎತ್ತು ಊರು ಬಿಟ್ಟು ಹೊಂಟದ, ನಿನಗ ಚಹಾದ ಚಿಂತಿ."

"ನಿನ್ನ ಎತ್ತು ನಾ ಲಗ್ನ ಆಗಿ ಬಂದಾಗಿಂದ ಹೊಂಟದ. ಇನ್ನೂ ಹೊಳೀ ದಾಟಿಲ್ಲ."

"ನೀ ದಾರ್ಯಾಗ ನಿಂತು ಕರ್ಯಾಕತ್ತಿದ್ರ ಹೆಂಗ ದಾಟಬೇಕದು? ಕೊಡು ಇಲ್ಲಿ, ಕುಡೀತೀನಿ. ನೀನೂ ಕುಂದ್ರು ಬಾ, ಒಬ್ಬಾಕಿ ಅಲ್ಲೇನ್ ಮಾಡ್ತಿ."

ಒಲೆಯ ಮುಂದೆ ದೇವಮ್ಮನ ಕೈ ನಿಂತಿತು. ಶ್ರಾವಣದಿಂದ ಆ ಮನೆಯಲ್ಲಿ ಅವಳ ಬೈಗುಳಕ್ಕೆ ಎದುರುತ್ತರ ಬಂದಿರಲಿಲ್ಲ. ನಾವೆಲ್ಲ ಹಾಡು ಹೋಯಿತು, ಹಾಡು ಹೋಯಿತು ಎಂದು ಮರುಗಿದ್ದೆವು. ಅವಳಿಗೆ ಹೋದದ್ದು ಏನೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಹಾಡು ಮೊದಲಾಯಿತು. ಕೆಮ್ಮಿನ ನಡುವೆಯೇ ಎತ್ತು ಊರೂರು ಅಲೆಯಿತು, ಹೊಳೆಗೆ ಇಳಿಯಿತು, ನಡುನೀರಿನಲ್ಲಿ ನಿಂತಿತು. ಅಲ್ಲಿಗೆ ಮುಗಿಯಿತು. ಮುಂದಿನದು ದೇವಮ್ಮನಿಗೆ ಬರುತ್ತದೆಯೇ ಎಂದು ನಾನು ಕೇಳಿದೆ. "ದಿನಾ ಕಿವಿಗಿ ಬೀಳ್ತಿತ್ರಿ ಮಾಸ್ತರ್ರ. ಬೀಳೂದನ್ನ ಯಾರು ಕಲೀತಾರ?" ಎಂದಳು. ಆ ಉತ್ತರಾರ್ಧ ಹೋಯಿತು. ಅದನ್ನು ಯಾವ ಪದ್ಧತಿಯಿಂದಲೂ ನಾವು ಮರಳಿ ತರಲಾರೆವು. ಇಲ್ಲಿ ಅದನ್ನು ಮುಚ್ಚಿಡುವುದಿಲ್ಲ.

ತಮ್ಮ ತಲೆ ತಗ್ಗಿಸಿಕೊಂಡು, ಹಾಡನ್ನು ಮತ್ತೊಮ್ಮೆ ಮೊದಲಿನಿಂದ ಕೇಳಿಸಲು ತೆರೆಯ ಮೇಲಿನ ಗುರುತನ್ನು ಹಿಂದಕ್ಕೆ ಸರಿಸಿದ. ಸಾಬಣ್ಣ ಬೇಡವೆಂದು ತಲೆಯಾಡಿಸಿದ. ಬೆರಳಿನಿಂದ ಇನ್ನೂ ಹಿಂದೆ, ಇನ್ನೂ ಹಿಂದೆ ಎಂದು ತೋರಿಸಿದ. ಕೆಮ್ಮಿನವರೆಗೆ.

ಮತ್ತೆ ಕೆಮ್ಮು, ಮತ್ತೆ ಚಹಾದ ಮಾತು. ಈ ಸಲ ಸಾಬಣ್ಣನ ತುಟಿಗಳೂ ತನ್ನ ದನಿಯೊಂದಿಗೆ ಅಲುಗಿದವು. ದನಿಯಿಲ್ಲದ ನಗುವಿನಿಂದ ಭುಜಗಳು ಕುಲುಕಿದವು. ದೇವಮ್ಮ ನಮ್ಮತ್ತ ನೋಡಲಿಲ್ಲ. ಬಸಿಯಲ್ಲಿ ಚಹಾ ಸುರಿದು ತಂದು ಗಂಡನ ಕೈಗೆ ಕೊಟ್ಟಳು. "ನೋಡ್ರಿ, ಹಿಂಗ ಅಂತಿದ್ದ ನನಗ. ದಿನಾ ಹಿಂಗ ಅಂತಿದ್ದ" ಎಂದು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅವನ ಪಕ್ಕದಲ್ಲಿ ಹೊರಸಿನ ಮೇಲೆ ಕೂತು ನನ್ನ ತಮ್ಮನಿಗೆ ಹೇಳಿದಳು: "ಇನ್ನೊಮ್ಮಿ ಹಚ್ಚೋ ಯಪ್ಪಾ. ನನಗ ಬೈಯೂದು ಹಚ್ಚು."

ತಮ್ಮ ಹಚ್ಚಿದ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಭಗವಂತನು ಆ ದಂಪತಿಗಳನ್ನು ಒಂದೇ ಹೊರಸಿನ ಮೇಲೆ ಬಹುಕಾಲ ಕೂಡಿಸಲಿ. ಕೇಳದೆಯೇ ಕಾಯ್ದ ಬೀರಪ್ಪನ ಹಿಂಡು ಹೆಚ್ಚಲಿ. ಚೀಲ ತಿಂದ ಕುರಿಗೆ ಅಜೀರ್ಣವಾಗದಿರಲಿ. ಹಸಿದು ಬಂದ ಇರುವೆಗಳಿಗೂ, ಹಾಸ್ಯ ಮಾಡಿದ ಆ ಅಂಗಡಿಯವನಿಗೂ ಒಳ್ಳೆಯದಾಗಲಿ. ನಮ್ಮ ಮನೆಯ ಲಕ್ಷ್ಮಿಯಾದ ತಮ್ಮನ ಹೆಂಡತಿಯ ಮಾತಿನ ಮೊನೆ ಮೊಂಡಾಗದಿರಲಿ. ನನ್ನ ತಮ್ಮನು ದೀರ್ಘಾಯುವಾಗಿರಲಿ. ಅವನಂಥ ಇನ್ನೊಬ್ಬನನ್ನು ದೇವರು ಮಾಡಿಟ್ಟಿಲ್ಲ. ಆದ್ದರಿಂದ ಈ ಒಬ್ಬನನ್ನೇ ಜೋಪಾನವಾಗಿ ಕಾಯಲಿ.